ಎರಡು ಹನಿ ಪ್ರತಿಕಾಯದ ಹಿಂದಿನ ಕಥೆ

ಜೀವರಸಾಯನ ವಿಜ್ಞಾನದ ಯಾವುದೇ ಪ್ರಯೋಗಾಲಯಕ್ಕೆ ಹೋಗಿ ಅಲ್ಲಿನ ಫ್ರೀಜರಿನ ಬಾಗಿಲು ತೆರೆದರೆ ರಟ್ಟಿನ ಪೆಟ್ಟಿಗೆಗಳಲ್ಲಿ ಸಾಲಾಗಿ ಜೋಡಿಸಿಟ್ಟ ಪುಟ್ಟ ಪ್ಲಾಸ್ಟಿಕ್ ಸೀಸೆಗಳು ಕಾಣುತ್ತವೆ. ಕಿರುಬೆರಳ ತುದಿಯಷ್ಟು ಗಾತ್ರ. ಒಳಗೆ ನೂರು ಮೈಕ್ರೊಲೀಟರ್ ದ್ರವ, ಅಂದರೆ ಹೆಚ್ಚೆಂದರೆ ಎರಡು ಹನಿ. ಬೆಲೆ ಮಾತ್ರ ಹತ್ತಾರು ಸಾವಿರ ರೂಪಾಯಿ. ಇಂಥ ಸೀಸೆಗಳಲ್ಲಿ ಒಂದರ ಮೇಲೆ ‘ಎಟಿಪಿ ಸಿಂಥೇಸ್, ಬೀಟಾ’ ಎಂದು ಬರೆದಿದ್ದರೆ ಅದು ಒಂದು ಪ್ರತಿಕಾಯ. ನಮ್ಮ ದೇಹದ ಜೀವಕೋಶಗಳೊಳಗೆ ಶಕ್ತಿ ತಯಾರಿಸುವ ಪ್ರೊಟೀನ್ ಒಂದನ್ನು ಗುರುತಿಸುವುದಷ್ಟೇ ಅದರ ಕೆಲಸ.

ಜೀವಕೋಶವೆಂದರೆ ಸಾವಿರಾರು ಬಗೆಯ ಪ್ರೊಟೀನುಗಳು ನೆರೆದ ಸಂತೆ. ಆ ನೂಕುನುಗ್ಗಲಿನಲ್ಲಿ ಬೇಕಾದ ಒಬ್ಬನನ್ನೇ ಹುಡುಕಿ ಅವನ ಹೆಗಲ ಮೇಲೆ ಕೈ ಇಡಬಲ್ಲದ್ದು ಪ್ರತಿಕಾಯ. ಅದಕ್ಕೆ ಬಣ್ಣವನ್ನೋ ಹೊಳೆಯುವ ರಾಸಾಯನಿಕವನ್ನೋ ಕಟ್ಟಿದರೆ, ಅದು ಎಲ್ಲಿ ಅಂಟಿದೆ, ಎಷ್ಟು ಅಂಟಿದೆ ಎಂಬುದು ನಮ್ಮ ಕಣ್ಣಿಗೆ ಕಾಣುತ್ತದೆ. ಕ್ಯಾನ್ಸರ್ ಸಂಶೋಧನೆಯಿಂದ ಹಿಡಿದು ಮಕ್ಕಳ ನರರೋಗಗಳ ಪತ್ತೆಯವರೆಗೆ ಈ ಎರಡು ಹನಿಯನ್ನು ನಂಬಿ ತೀರ್ಮಾನಗಳಾಗುತ್ತವೆ. ಆ ನಂಬಿಕೆ ಬೆಳೆದು ಬಂದ ಬಗೆ ಹೇಗೆ? ಅದು ಎಷ್ಟರ ಮಟ್ಟಿಗೆ ಗಟ್ಟಿ?

ಕಥೆ ಶುರುವಾಗುವುದು ಎಟಿಪಿ ಎಂಬ ಅಣುವಿನಿಂದ. 1929ರಲ್ಲಿ ಜರ್ಮನಿಯ ಕಾರ್ಲ್ ಲೋಮನ್ ಇದನ್ನು ಸ್ನಾಯುವಿನಲ್ಲಿ ಪತ್ತೆ ಹಚ್ಚಿದರು. ಅದೇ ವರ್ಷ ಅಮೆರಿಕದ ಹಾರ್ವರ್ಡ್‌ನಲ್ಲಿ ಸೈರಸ್ ಫಿಸ್ಕ್ ಮತ್ತು ನಮ್ಮ ನೆರೆಯ ಆಂಧ್ರದ ಭೀಮಾವರದಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್ ಬೇರೆಯಾಗಿಯೇ ಇದನ್ನು ಕಂಡುಕೊಂಡರು. ಸುಬ್ಬರಾವ್ ಅವರ ಹೆಸರು ಪಠ್ಯಪುಸ್ತಕಗಳಲ್ಲಿ ಸಿಗಬೇಕಾದಷ್ಟು ಜಾಗ ಪಡೆದಿಲ್ಲ ಎಂಬ ಕೊರಗು ಇಂದಿಗೂ ಉಳಿದಿದೆ, ಅದು ನ್ಯಾಯವಾದದ್ದೇ. ಎಟಿಪಿಯನ್ನು ಜೀವಕೋಶದ ಚಲಾವಣೆಯ ನಾಣ್ಯ ಎಂದು ಕರೆಯುವುದು ವಾಡಿಕೆ. ಸ್ನಾಯು ಮಡಚಲು, ನರ ಮಿಡಿಯಲು, ಹೊಸ ಪ್ರೊಟೀನ್ ಕಟ್ಟಲು ಎಲ್ಲದಕ್ಕೂ ಇದೇ ನಾಣ್ಯ ಖರ್ಚಾಗಬೇಕು. ಒಬ್ಬ ಮನುಷ್ಯ ದಿನವೊಂದಕ್ಕೆ ಹೆಚ್ಚುಕಡಿಮೆ ತನ್ನ ಮೈತೂಕದಷ್ಟೇ ಎಟಿಪಿಯನ್ನು ಮಾಡಿ ಮುರಿಯುತ್ತಾನೆಂದು ಅಂದಾಜು. ದೇಹದಲ್ಲಿ ಯಾವುದೇ ಕ್ಷಣದಲ್ಲಿ ಇರುವ ದಾಸ್ತಾನು ಮಾತ್ರ ಬಹಳ ಕಡಿಮೆ. ಹಾಗಾಗಿ ಟಂಕಸಾಲೆ ಹಗಲಿರುಳೂ ನಡೆಯುತ್ತಿರಲೇಬೇಕು. ಆ ಟಂಕಸಾಲೆ ಇರುವುದು ಮೈಟೊಕಾಂಡ್ರಿಯ ಎಂಬ ಕಣಗಳೊಳಗೆ.

ಟಂಕಸಾಲೆಯ ಅಚ್ಚಿನ ಯಂತ್ರವನ್ನು ಮೊದಲು ಕೈಗೆ ತೆಗೆದುಕೊಂಡವರು ಎಫ್ರೇಮ್ ರ‍್ಯಾಕರ್. 1913ರಲ್ಲಿ ಪೋಲೆಂಡಿನ ಯಹೂದಿ ಕುಟುಂಬದಲ್ಲಿ ಹುಟ್ಟಿ ವಿಯೆನ್ನಾದಲ್ಲಿ ಬೆಳೆದವರು. ಅಲ್ಲಿ 1938ರಲ್ಲಿ ವೈದ್ಯ ಪದವಿ ಪಡೆದರು. ಅದೇ ವರ್ಷ ಹಿಟ್ಲರನ ಸೇನೆ ಆಸ್ಟ್ರಿಯಾಕ್ಕೆ ನುಗ್ಗಿತು. ಬ್ರಿಟನ್ನಿಗೆ ಪಾರಾಗಿ, ಅಲ್ಲಿಂದ 1941ರಲ್ಲಿ ಅಮೆರಿಕ ಸೇರಿದರು. ಒಳ್ಳೆಯ ಚಿತ್ರಕಾರ ಕೂಡ. ನ್ಯೂಯಾರ್ಕ್ ನಗರದ ಸಾರ್ವಜನಿಕ ಆರೋಗ್ಯ ಸಂಶೋಧನಾ ಸಂಸ್ಥೆಯಲ್ಲಿ ಅವರ ತಂಡ ದನದ ಹೃದಯವನ್ನು ತಂದು ಅದರಿಂದ ಮೈಟೊಕಾಂಡ್ರಿಯ ಬೇರ್ಪಡಿಸುತ್ತಿತ್ತು. ಹೃದಯವೇ ಏಕೆಂದರೆ, ಬಿಡುವಿಲ್ಲದೆ ಬಡಿಯುವ ಆ ಸ್ನಾಯುವಿನಲ್ಲಿ ಮೈಟೊಕಾಂಡ್ರಿಯ ತುಂಬಿ ತುಳುಕುತ್ತವೆ.

ಈ ಕಣಗಳನ್ನು ಒಡೆದಾಗ ಒಂದು ವಿಚಿತ್ರ ಕಂಡುಬಂತು. ಒಡೆದ ಪೊರೆಯ ಚೂರುಗಳು ಆಮ್ಲಜನಕವನ್ನು ಎಂದಿನಂತೆ ಬಳಸುತ್ತಿದ್ದವು, ಆದರೆ ಎಟಿಪಿ ತಯಾರಾಗುತ್ತಿರಲಿಲ್ಲ. ಒಲೆ ಉರಿಯುತ್ತಿದೆ, ಅಡುಗೆ ಆಗುತ್ತಿಲ್ಲ ಎಂಬಂಥ ಸ್ಥಿತಿ. ಒಡೆಯುವಾಗ ತೊಳೆದುಹೋದ ತಿಳಿನೀರಿನಿಂದ ಒಂದು ಪ್ರೊಟೀನನ್ನು ಶುದ್ಧಮಾಡಿ ಮರಳಿ ಸೇರಿಸಿದಾಗ ಎಟಿಪಿ ಮತ್ತೆ ಹುಟ್ಟಿತು. ಅದಕ್ಕೆ ಎಫ್-1 ಎಂಬ ಹೆಸರಾಯಿತು. ಮೇನಾರ್ಡ್ ಪುಲ್‌ಮನ್, ಹಾರ್ವೆ ಪೆನೆಫ್‌ಸ್ಕಿ, ಅನಿಮಾ ದತ್ತ ಮತ್ತು ರ‍್ಯಾಕರ್ ಇದನ್ನು 1960ರಲ್ಲಿ ಪ್ರಕಟಿಸಿದರು.

ಎಫ್-1ಕ್ಕೆ ಒಂದು ಹಠಮಾರಿ ಗುಣವಿತ್ತು. ಕಿಣ್ವಗಳನ್ನು ಮಂಜುಗಡ್ಡೆಯಲ್ಲಿ ಇಟ್ಟು ಕೆಲಸ ಮಾಡಬೇಕೆಂಬುದು ಪ್ರಯೋಗಾಲಯದ ಮೊದಲ ಪಾಠ; ಬಿಸಿಗೆ ಅವು ಕೆಡುತ್ತವೆ. ಈ ಕಿಣ್ವವೋ ಮಂಜಿನಲ್ಲಿಟ್ಟರೇ ಸತ್ತುಹೋಗುತ್ತಿತ್ತು, ಕೋಣೆಯ ಉಷ್ಣತೆಯಲ್ಲಿ ಆರಾಮವಾಗಿರುತ್ತಿತ್ತು. ಶಾಸ್ತ್ರೋಕ್ತವಾಗಿ ಎಲ್ಲವನ್ನೂ ಮಂಜಿನಲ್ಲೇ ಇಟ್ಟವರ ಕೈಗೆ ಇದು ಸಿಗುವಂತಿರಲಿಲ್ಲ. ಕೊಳೆಯಾದ ಕಿಣ್ವದ ಮೇಲೆ ಶುದ್ಧವಾದ ಆಲೋಚನೆ ಹಾಳುಮಾಡಬೇಡಿ ಎಂಬ ಮಾತು ರ‍್ಯಾಕರ್ ಅವರದೆಂದು ಜೀವರಸಾಯನ ವಲಯದಲ್ಲಿ ಇಂದಿಗೂ ಪ್ರಚಲಿತ. ಮುಂದೆ ಬರುವ ಪ್ರಸಂಗಕ್ಕಾಗಿ ಓದುಗರು ಈ ಮಾತನ್ನು ನೆನಪಿಟ್ಟುಕೊಳ್ಳಬೇಕು.

ಅತ್ತ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಇನ್ನೊಂದು ಜಗಳ ಶುರುವಾಗಿತ್ತು. ವೆನೆಜುವೆಲಾದ ಹುಂಬೆರ್ಟೊ ಫರ್ನಾಂಡೆಸ್-ಮೊರಾನ್ 1962ರಲ್ಲಿ ಮೈಟೊಕಾಂಡ್ರಿಯದ ಒಳಪೊರೆಯ ಮೇಲೆ ಸಾಲುಸಾಲಾಗಿ ಗುಂಡುಗಳನ್ನು ಕಂಡರು. ಕಡ್ಡಿಗೆ ಚುಚ್ಚಿದ ಮಿಠಾಯಿಯಂತೆ, ತೊಟ್ಟಿನ ಮೇಲೊಂದು ತಲೆ. ತಲೆಯ ಅಡ್ಡಳತೆ ಮಿಲಿಮೀಟರಿನ ಸುಮಾರು ಲಕ್ಷದ ಒಂದು ಭಾಗ. ವಿಸ್ಕಾನ್ಸಿನ್‌ನ ಪ್ರಭಾವಿ ವಿಜ್ಞಾನಿ ಡೇವಿಡ್ ಗ್ರೀನ್ ಅವರ ಬಳಗ ಇಡೀ ಉಸಿರಾಟದ ಸರಪಳಿಯೇ ಈ ಗುಂಡುಗಳೊಳಗೆ ಅಡಗಿದೆ ಎಂದು ವಾದಿಸಿತು. ರ‍್ಯಾಕರ್ ಒಪ್ಪಲಿಲ್ಲ. ಗುಂಡುಗಳನ್ನು ಕಿತ್ತ ಪೊರೆ ಉಸಿರಾಡುತ್ತಲೇ ಇರುತ್ತದೆ. ಶುದ್ಧ ಎಫ್-1 ಸೇರಿಸಿದರೆ ಗುಂಡುಗಳು ಮತ್ತೆ ಮೂಡುತ್ತವೆ. ಹಾಗಾದರೆ ಗುಂಡು ಎಂದರೆ ಎಫ್-1 ತಾನೇ? ಜಪಾನಿನ ಯಾಸುವೊ ಕಗಾವಾ ಜೊತೆ ಅವರು ಇದನ್ನು 1966ರ ಹೊತ್ತಿಗೆ ಸ್ಪಷ್ಟವಾಗಿ ತೋರಿಸಿದರು. ಪೊರೆಯೊಳಗೆ ನೆಟ್ಟಿರುವ ತೊಟ್ಟಿನ ಭಾಗಕ್ಕೆ ಎಫ್-ಓ ಎಂದು ಹೆಸರು. ಅದು ಸೊನ್ನೆಯಲ್ಲ, ಒಲಿಗೊಮೈಸಿನ್ ಎಂಬ ವಿಷದ ಮೊದಲ ಅಕ್ಷರ. ಆ ವಿಷಕ್ಕೆ ಬಗ್ಗುವ ಭಾಗ ಎಂಬ ಅರ್ಥದಲ್ಲಿ. ಸೊನ್ನೆ ಎಂದೇ ಓದುವವರು ಅಧ್ಯಾಪಕರಲ್ಲೂ ಕಡಿಮೆಯಿಲ್ಲ.

ಪ್ರತಿಕಾಯ ಈ ಕಥೆಯೊಳಗೆ ಬರುವುದು ಇಲ್ಲಿಯೇ. ಪ್ರತಿಕಾಯಗಳ ಅರಿವು ಹೊಸದೇನಲ್ಲ. 1890ರಲ್ಲೇ ಬರ್ಲಿನ್‌ನಲ್ಲಿ ಎಮಿಲ್ ಫಾನ್ ಬೆಹ್ರಿಂಗ್ ಮತ್ತು ಕಿಟಸಾಟೊ, ಧನುರ್ವಾಯುವಿನ ವಿಷ ಚುಚ್ಚಿಸಿಕೊಂಡು ಬದುಕುಳಿದ ಪ್ರಾಣಿಯ ರಕ್ತದ ತಿಳಿಗೆ ಆ ವಿಷವನ್ನು ಅಡಗಿಸುವ ಶಕ್ತಿ ಬರುತ್ತದೆಂದು ತೋರಿಸಿದ್ದರು. ಅದೇ ಉಪಾಯವನ್ನು ಸಂಶೋಧನೆಗೆ ತಿರುಗಿಸಬಹುದು. ಶುದ್ಧ ಪ್ರೊಟೀನನ್ನು ಮೊಲಕ್ಕೆ ಚುಚ್ಚಿ ಕೆಲವು ವಾರ ಕಾದು ರಕ್ತ ತೆಗೆದರೆ, ಆ ಪ್ರೊಟೀನನ್ನೇ ಗುರಿಯಾಗಿಟ್ಟ ಪ್ರತಿಕಾಯಗಳು ಸಿಗುತ್ತವೆ. ರ‍್ಯಾಕರ್ ತಂಡ ಎಫ್-1ರ ವಿರುದ್ಧ ಇಂಥ ಪ್ರತಿಕಾಯ ಮಾಡಿಸಿತು. ಅದನ್ನು ಮೈಟೊಕಾಂಡ್ರಿಯದ ಚೂರುಗಳಿಗೆ ಹಾಕಿದಾಗ ಎಟಿಪಿ ತಯಾರಿಕೆಗೆ ತಡೆಬಿತ್ತೆಂದು ಫೆಸೆಂಡನ್ ಮತ್ತು ರ‍್ಯಾಕರ್ 1966ರಲ್ಲಿ ವರದಿ ಮಾಡಿದರು. ಬಸಳೆಯ ಎಲೆಯನ್ನು ಹೋಲುವ ಪಾಲಕ್ ಸೊಪ್ಪಿನ ಹಸಿರು ಕಣಗಳಲ್ಲೂ ಇಂಥದೇ ಯಂತ್ರವಿದೆ. ಅದರ ವಿರುದ್ಧದ ಪ್ರತಿಕಾಯವೂ ಅದೇ ವರ್ಷ ಅದೇ ತಂಡದಿಂದ ಬಂತು. ಗಮನಿಸಬೇಕಾದ್ದೆಂದರೆ ಆಗ ಪ್ರತಿಕಾಯ ಕೇವಲ ಗುರುತಿನ ಚೀಟಿಯಲ್ಲ. ಅದು ಯಂತ್ರದ ಹಲ್ಲಿನ ನಡುವೆ ಸಿಕ್ಕಿಸಿದ ಕಡ್ಡಿ. ಕಡ್ಡಿ ಸಿಕ್ಕಿಸಿದಾಗ ಯಾವ ಕೆಲಸ ನಿಲ್ಲುತ್ತದೆಂದು ನೋಡಿದರೆ ಆ ಭಾಗದ ಕೆಲಸವೇನೆಂದು ತಿಳಿಯುತ್ತದೆ.

ಯಂತ್ರ ನಡೆಯುವ ಬಗೆಯ ವಿವರಗಳಿಗೆ ಇಲ್ಲಿ ಹೆಚ್ಚು ಜಾಗವಿಲ್ಲ. ಪೊರೆಯ ಒಂದು ಬದಿಯಲ್ಲಿ ಪ್ರೋಟಾನುಗಳು ಅಣೆಕಟ್ಟಿನ ನೀರಿನಂತೆ ಕಟ್ಟಿಕೊಂಡು, ಇಳಿದು ಬರುವಾಗ ಎಟಿಪಿ ಹುಟ್ಟಿಸುತ್ತವೆ ಎಂದು 1961ರಲ್ಲಿ ಪೀಟರ್ ಮಿಚೆಲ್ ಹೇಳಿದಾಗ ನಂಬಿದವರು ಕೆಲವರೇ. 1974ರಲ್ಲಿ ರ‍್ಯಾಕರ್ ಮತ್ತು ವಾಲ್ಟರ್ ಸ್ಟೋಕೇನಿಯಸ್, ಉಪ್ಪುನೀರಿನ ಸೂಕ್ಷ್ಮಜೀವಿಯ ನೇರಳೆ ಪ್ರೊಟೀನು, ದನದ ಹೃದಯದ ಎಟಿಪಿ ಯಂತ್ರ ಮತ್ತು ಸೋಯಾ ಅವರೆಯ ಕೊಬ್ಬು ಸೇರಿಸಿ ಪುಟ್ಟ ಗುಳ್ಳೆಗಳನ್ನು ಮಾಡಿ ಬೆಳಕು ಬಿಟ್ಟರು. ಎಟಿಪಿ ಬಂತು! ಮೂರು ಲೋಕದ ಮೂರು ವಸ್ತುಗಳ ನಡುವೆ ಪ್ರೋಟಾನಿನ ಹೊರತು ಬೇರೇನೂ ಸಂಬಂಧವಿರಲು ಸಾಧ್ಯವಿರಲಿಲ್ಲ. ಮಿಚೆಲ್‌ಗೆ 1978ರಲ್ಲಿ ನೊಬೆಲ್ ಬಂತು. ಯಂತ್ರ ನಿಜಕ್ಕೂ ಬೀಸುಕಲ್ಲಿನಂತೆ ತಿರುಗುತ್ತದೆ, ಒಂದು ಸುತ್ತಿಗೆ ಮೂರು ಎಟಿಪಿ ಉದುರಿಸುತ್ತದೆ ಎಂಬುದು ಪಾಲ್ ಬಾಯರ್ ಅವರ ಊಹೆ ಮತ್ತು 1994ರಲ್ಲಿ ಕೇಂಬ್ರಿಜ್‌ನ ಜಾನ್ ವಾಕರ್ ತಂಡ ಬಿಡಿಸಿದ ರಚನೆಯಿಂದ ಖಚಿತವಾಯಿತು; 1997ರ ನೊಬೆಲ್‌ನಲ್ಲಿ ಇಬ್ಬರಿಗೂ ಪಾಲು. ರ‍್ಯಾಕರ್ 1991ರಲ್ಲೇ ತೀರಿಕೊಂಡಿದ್ದರು. ಅವರಿಗೆ ನೊಬೆಲ್ ಬರಲಿಲ್ಲ.

ಪ್ರತಿಕಾಯದ ಕಡೆಗೆ ಮರಳೋಣ. ಮೊಲದ ರಕ್ತದಿಂದ ಬಂದ ಪ್ರತಿಕಾಯದ ದೊಡ್ಡ ತೊಡಕು ಮೊಲವೇ. ಒಂದು ಮೊಲದಂತೆ ಇನ್ನೊಂದಿಲ್ಲ. ಒಂದೇ ಪ್ರೊಟೀನಿನ ಬೇರೆ ಬೇರೆ ಮೂಲೆಗಳನ್ನು ಹಿಡಿಯುವ ಹತ್ತಾರು ಬಗೆಯ ಪ್ರತಿಕಾಯಗಳು ಅದರ ರಕ್ತದಲ್ಲಿ ಬೆರೆತಿರುತ್ತವೆ. ಮೊಲ ಸತ್ತರೆ ಆ ಮಿಶ್ರಣವೂ ಅಲ್ಲಿಗೇ ಮುಗಿಯಿತು. ಇದಕ್ಕೆ ಪರಿಹಾರ ಕಂಡವರು ಕೇಂಬ್ರಿಜ್‌ನ ಅದೇ ಪ್ರಯೋಗಾಲಯದಲ್ಲಿ, ಅಂದರೆ ಮುಂದೆ ವಾಕರ್ ಎಫ್-1ರ ರಚನೆ ಬಿಡಿಸಿದ ಸಂಸ್ಥೆಯಲ್ಲೇ, ಕೆಲಸ ಮಾಡುತ್ತಿದ್ದ ಸೀಸರ್ ಮಿಲ್‌ಸ್ಟೈನ್ ಮತ್ತು ಗೇಯಾರ್ಗ್ ಕೊಹ್ಲರ್. ಮಿಲ್‌ಸ್ಟೈನ್ ಅರ್ಜೆಂಟೀನಾದವರು, ಅಲ್ಲಿನ ರಾಜಕೀಯಕ್ಕೆ ಬೇಸತ್ತು ದೇಶ ಬಿಟ್ಟವರು. ಪ್ರತಿಕಾಯ ಮಾಡುವ ಇಲಿಯ ಕೋಶವನ್ನು, ಸಾಯದೆ ಬೆಳೆಯುತ್ತಲೇ ಇರುವ ಕ್ಯಾನ್ಸರ್ ಕೋಶದೊಂದಿಗೆ ಬೆಸೆದರೆ? ಬೆಸೆದ ಕೋಶದ ಸಂತತಿಯೆಲ್ಲ ಒಂದೇ ಬಗೆಯ ಪ್ರತಿಕಾಯವನ್ನು ಎಷ್ಟು ಕಾಲ ಬೇಕಾದರೂ ಸುರಿಸುತ್ತಿರುತ್ತದೆ. ಫಲಿತಾಂಶ ನೋಡಲು ಕತ್ತಲ ನೆಲಮಾಳಿಗೆಗೆ ಹೋಗುವಾಗ, ಏನೂ ಸಿಗದಿದ್ದರೆ ಸಮಾಧಾನಕ್ಕಿರಲೆಂದು ಹೆಂಡತಿಯನ್ನೂ ಕರೆದೊಯ್ದೆ ಎಂದು ಕೊಹ್ಲರ್ ಆಮೇಲೆ ಹೇಳಿಕೊಂಡಿದ್ದಾರೆ. ಸಮಾಧಾನದ ಅಗತ್ಯ ಬೀಳಲಿಲ್ಲ. 1975ರಲ್ಲಿ ಪ್ರಕಟವಾದ ಈ ವಿಧಾನಕ್ಕೆ 1984ರಲ್ಲಿ ನೊಬೆಲ್ ಸಂದಿತು. ಬ್ರಿಟನ್ ಸರ್ಕಾರಿ ವಲಯ ಇದಕ್ಕೆ ಪೇಟೆಂಟ್ ಮಾಡಿಸಲಿಲ್ಲ. ಆ ನಷ್ಟ ಬ್ರಿಟನ್ನಿನದು, ಲಾಭ ಜಗತ್ತಿನದು ಎನ್ನದೆ ವಿಧಿಯಿಲ್ಲ.

ಗುರುತಿಸುವ ಕೈ ಸಿಕ್ಕಿತು, ತೋರಿಸುವ ಹಲಗೆ ಬೇಕಿತ್ತು. 1979ರಲ್ಲಿ ಸ್ವಿಟ್ಜರ್ಲೆಂಡಿನ ಹ್ಯಾರಿ ಟೌಬಿನ್ ಮತ್ತು ಸಂಗಡಿಗರು, ಜೆಲ್ಲಿನ ಮೇಲೆ ತೂಕಕ್ಕೆ ತಕ್ಕಂತೆ ಬೇರ್ಪಡಿಸಿದ ಪ್ರೊಟೀನುಗಳನ್ನು ತೆಳುವಾದ ಹಾಳೆಗೆ ವಿದ್ಯುತ್ತಿನಿಂದ ಇಳಿಸಿ ಪ್ರತಿಕಾಯ ಹಾಕುವ ವಿಧಾನ ಪ್ರಕಟಿಸಿದರು. ಅಮೆರಿಕದ ಸಿಯಾಟಲ್‌ನಲ್ಲಿ ನೀಲ್ ಬರ್ನೆಟ್ ಇಂಥದನ್ನೇ ಮಾಡಿ ‘ವೆಸ್ಟರ್ನ್ ಬ್ಲಾಟ್’ ಎಂದು ಹೆಸರಿಟ್ಟರು. ಎಡ್ವಿನ್ ಸದರ್ನ್ ಎಂಬುವರು ಡಿಎನ್ಎಗೆ ಮಾಡಿದ ವಿಧಾನಕ್ಕೆ ಅವರ ಹೆಸರಿನಿಂದ ‘ಸದರ್ನ್’ ಎಂಬ ಹೆಸರು ಬಂದಿತ್ತು. ಆರ್‌ಎನ್ಎಗೆ ತಮಾಷೆಯಾಗಿ ‘ನಾರ್ದರ್ನ್’ ಆಯಿತು. ಇವರಿದ್ದದ್ದು ಪಶ್ಚಿಮ ಕರಾವಳಿ. ಪತ್ರಿಕೆ ಮೊದಲು ಲೇಖನವನ್ನು ತಿರಸ್ಕರಿಸಿತು. ಆದರೆ ಅದರ ಪ್ರತಿಗಳು ಕೈಯಿಂದ ಕೈಗೆ ಹಬ್ಬಿ, 1981ರಲ್ಲಿ ಅಚ್ಚಾಗುವ ಹೊತ್ತಿಗೆ ಹೆಸರು ಊರೆಲ್ಲ ಹರಡಿತ್ತು. ಎಫ್-1ರ ಬೀಟಾ ಭಾಗಕ್ಕೆ ಪ್ರತಿಕಾಯ ಹಾಕಿದರೆ ಇಂಥ ಹಾಳೆಯ ಮೇಲೆ ಐವತ್ತು ಸಾವಿರ ಡಾಲ್ಟನ್ ಗುರುತಿಗಿಂತ ತುಸು ಮೇಲೆ ಒಂದು ಕಪ್ಪು ಗೆರೆ ಮೂಡಬೇಕು. ಒಂದೇ ಗೆರೆ.

ಗೆರೆ ಮೂಡುವುದು ಬೇರೆ, ಅದು ನಿಜವಾಗಿರುವುದು ಬೇರೆ. ಇದರ ಕಹಿ ಉಂಡವರಲ್ಲಿ ಸ್ವತಃ ರ‍್ಯಾಕರ್ ಒಬ್ಬರು. ಕ್ಯಾನ್ಸರ್ ಕೋಶಗಳು ಆಮ್ಲಜನಕವಿದ್ದರೂ ಸಕ್ಕರೆಯನ್ನು ಹುದುಗಿಸಿಯೇ ಶಕ್ತಿ ಪಡೆಯುತ್ತವೆ ಎಂದು 1920ರ ದಶಕದಲ್ಲಿ ಜರ್ಮನಿಯ ಆಟೊ ವಾರ್ಬರ್ಗ್ ಕಂಡಿದ್ದರು. ಇದಕ್ಕೆ ‘ವಾರ್ಬರ್ಗ್ ಪರಿಣಾಮ’ ಎಂದು 1972ರಲ್ಲಿ ಹೆಸರಿಟ್ಟವರು ರ‍್ಯಾಕರ್. ಅದರ ಕಾರಣ ಹುಡುಕುವುದು ಅವರ ಕೊನೆಗಾಲದ ಹಂಬಲವಾಗಿತ್ತು. 1980ರಲ್ಲಿ ಅವರ ಕಾರ್ನೆಲ್ ಪ್ರಯೋಗಾಲಯಕ್ಕೆ ಬಂದ ಯುವ ಸಂಶೋಧನಾ ವಿದ್ಯಾರ್ಥಿಯೊಬ್ಬ ಕೆಲವೇ ತಿಂಗಳಲ್ಲಿ ಕಾರಣವನ್ನು ಕೈಗಿತ್ತ. ಒಂದು ಕಿಣ್ವ ಮತ್ತೊಂದಕ್ಕೆ, ಅದು ಮಗದೊಂದಕ್ಕೆ ರಂಜಕ ಅಂಟಿಸುತ್ತ ಹೋಗುವ ಸರಪಳಿ. ಜೆಲ್ಲಿನ ಪಟ್ಟೆಗಳು ಕಣ್ಣಿಗೆ ಹಬ್ಬವಾಗಿದ್ದವು. ಬೇರೆಯವರು ಮಾಡಿದರೆ ಮಾತ್ರ ಪ್ರಯೋಗ ಕೈಕೊಡುತ್ತಿತ್ತು. 1981ರಲ್ಲಿ ಅದೇ ವಿಶ್ವವಿದ್ಯಾಲಯದ ಫೋಲ್ಕರ್ ಫೋಗ್ಟ್ ಆ ಜೆಲ್ಲಿಗೆ ವಿಕಿರಣ ಮಾಪಕ ಹಿಡಿದರು. ಅಲ್ಲಿ ಇರಬೇಕಾದದ್ದು ವಿಕಿರಣಶೀಲ ರಂಜಕ, ಇದ್ದದ್ದು ಅಯೋಡಿನ್. ಸರಿಯಾದ ತೂಕದ ಪ್ರೊಟೀನುಗಳಿಗೆ ಅಯೋಡಿನ್ ಕಟ್ಟಿ ಬೆರೆಸಿದರೆ ಬೇಕಾದ ಜಾಗದಲ್ಲಿ ಬೇಕಾದ ಪಟ್ಟೆ ಮೂಡುತ್ತದೆ. ವಿದ್ಯಾರ್ಥಿ ತಾನು ಮೋಸ ಮಾಡಿಲ್ಲವೆಂದ, ವಿಶ್ವವಿದ್ಯಾಲಯ ಬಿಟ್ಟುಹೋದ. ರ‍್ಯಾಕರ್ ಫಲಿತಾಂಶಗಳನ್ನು ಬಹಿರಂಗವಾಗಿ ಹಿಂದೆಗೆದುಕೊಂಡರು. ಕೊಳೆಯಾದ ಕಿಣ್ವದ ಬಗ್ಗೆ ಎಚ್ಚರಿಸಿದ್ದವರ ಮನೆಯಲ್ಲೇ ಹೀಗಾಯಿತು.

ಮೋಸವಿಲ್ಲದೆಯೂ ಗೆರೆ ಸುಳ್ಳಾಗಬಹುದು, ಮತ್ತು ಅದೇ ಹೆಚ್ಚು ಸಾಮಾನ್ಯ. ಕೆನಡಾದ ಟೊರಾಂಟೊದಲ್ಲಿ ಇಲೆಫ್ಥೆರಿಯೋಸ್ ಡಯಾಮಾಂಡಿಸ್ ತಂಡ, ಮೇದೋಜೀರಕ ಗ್ರಂಥಿಯ ಕ್ಯಾನ್ಸರನ್ನು ರಕ್ತದಲ್ಲೇ ಗುರುತಿಸಬಲ್ಲ ಪ್ರೊಟೀನು ಸಿಕ್ಕಿತೆಂದು ಪೇಟೆಯಲ್ಲಿ ಸಿಗುವ ಕಿಟ್ ಒಂದನ್ನು ನಂಬಿ ಎರಡು ವರ್ಷ ದುಡಿಯಿತು. ಸುಮಾರು ಐದು ಲಕ್ಷ ಡಾಲರ್ ಖರ್ಚಾಯಿತು, ಸಾವಿರಾರು ರೋಗಿಗಳ ಮಾದರಿ ಮುಗಿದುಹೋಯಿತು. ಕೊನೆಗೆ ನೋಡಿದರೆ ಕಿಟ್ಟಿನೊಳಗಿನ ಪ್ರತಿಕಾಯ ಹಿಡಿಯುತ್ತಿದ್ದದ್ದು ಬೇರೆಯದೇ ಪ್ರೊಟೀನನ್ನು. 2023ರಲ್ಲಿ ಮಾಂಟ್ರಿಯಲ್ ಕೇಂದ್ರಿತ ತಂಡವೊಂದು 65 ಪ್ರೊಟೀನುಗಳಿಗೆಂದು ಮಾರಾಟವಾಗುವ 614 ಪ್ರತಿಕಾಯಗಳನ್ನು ಒಂದೇ ಅಳತೆಗೋಲಿನಲ್ಲಿ ಪರೀಕ್ಷಿಸಿತು. ಅರ್ಧಕ್ಕಿಂತ ಹೆಚ್ಚು ಪ್ರತಿಕಾಯಗಳು ಒಂದಲ್ಲ ಒಂದು ಪರೀಕ್ಷೆಯಲ್ಲಿ ಸೋತವು. ಹಾಗೆ ಸೋತ ಪ್ರತಿಕಾಯ ಬಳಸಿ ಬರೆದ ಲೇಖನಗಳು ಪ್ರೊಟೀನ್ ಒಂದಕ್ಕೆ ಸರಾಸರಿ ಹನ್ನೆರಡು. ಯಾರೋ ಬರೆದಿದ್ದಾರೆಂದು ಇನ್ನೊಬ್ಬರು ಅದನ್ನೇ ಕೊಳ್ಳುತ್ತಾರೆ, ಅವರನ್ನು ನೋಡಿ ಮತ್ತೊಬ್ಬರು.

ಪ್ರಾಣಿಗಳ ಪಾಡೂ ಇದರಲ್ಲಿ ಸೇರಿದೆ. ಮೇಕೆ, ಮೊಲಗಳ ಆರೈಕೆಯಲ್ಲಿ ಲೋಪವೆಸಗಿದ ಆರೋಪದ ಮೇಲೆ ಅಮೆರಿಕದ ದೊಡ್ಡ ಪ್ರತಿಕಾಯ ಕಂಪನಿಯೊಂದು 2016ರಲ್ಲಿ ಅಲ್ಲಿನ ಕೃಷಿ ಇಲಾಖೆಗೆ 35 ಲಕ್ಷ ಡಾಲರ್ ದಂಡ ತೆರಲು ಒಪ್ಪಿತು. ಪ್ರತಿಕಾಯದ ಜೀನನ್ನೇ ಓದಿಟ್ಟುಕೊಂಡು ಪಾತ್ರೆಯಲ್ಲಿ ಬೆಳೆಸುವ ವಿಧಾನ ಈಗ ಲಭ್ಯವಿದೆ. ಪ್ರತಿ ಬಾರಿಯೂ ಅದೇ ಮಾಲು ಸಿಗುತ್ತದೆ, ಮೊಲವೂ ಬೇಕಿಲ್ಲ. ದುಬಾರಿಯೆಂಬ ನೆಪದಿಂದ ಅದಕ್ಕೆ ಬದಲಾಗದವರು ಇನ್ನೂ ಬಹಳ.

ಎಫ್-1ರ ಪ್ರತಿಕಾಯದ ಮಟ್ಟಿಗೆ ಈ ಎಚ್ಚರ ಏಕೆ ಬೇಕೆಂಬುದಕ್ಕೆ ಎರಡು ಉದಾಹರಣೆ ಸಾಕು. ಸ್ಪೇನಿನ ಹೊಸೆ ಕುಯೆಸ್ವಾ ತಂಡ 2002ರಲ್ಲಿ ಯಕೃತ್ತು, ಮೂತ್ರಪಿಂಡ, ದೊಡ್ಡಕರುಳಿನ ಕ್ಯಾನ್ಸರ್ ಗಂಟುಗಳಲ್ಲಿ ಬೀಟಾ ಭಾಗದ ಪ್ರಮಾಣವನ್ನು ಬೇರೆ ಪ್ರೊಟೀನುಗಳೊಂದಿಗೆ ಹೋಲಿಸಿ, ಅದು ಇಳಿದಿರುವುದನ್ನು ತೋರಿಸಿತು. ವಾರ್ಬರ್ಗ್ ಹೇಳಿದ್ದಕ್ಕೆ ಎಂಬತ್ತು ವರ್ಷಗಳ ನಂತರ ಸಿಕ್ಕ ಸಾಕ್ಷ್ಯವಿದು. ಇಡೀ ಸಾಕ್ಷ್ಯ ನಿಂತಿರುವುದು ಪ್ರತಿಕಾಯದ ಪ್ರಾಮಾಣಿಕತೆಯ ಮೇಲೆ. ಇನ್ನೊಂದು, ಮಕ್ಕಳ ಕಾಯಿಲೆ. ಮೈಟೊಕಾಂಡ್ರಿಯಕ್ಕೆ ತನ್ನದೇ ಪುಟ್ಟ ಡಿಎನ್ಎ ಇದೆ, ಅದರಲ್ಲಿ 37 ಜೀನುಗಳು. ಎಟಿಪಿ ಯಂತ್ರದ ಎರಡು ಬಿಡಿಭಾಗಗಳ ನಕ್ಷೆ ಅಲ್ಲಿದೆ, ಉಳಿದೆಲ್ಲದರ ನಕ್ಷೆ ಕೋಶಕೇಂದ್ರದಲ್ಲಿ. ತಾಯಿಯಿಂದ ಮಾತ್ರ ಬರುವ ಆ ಡಿಎನ್ಎಯ 8993ನೇ ಅಕ್ಷರ ಬದಲಾದರೆ ಯಂತ್ರ ಸರಿಯಾಗಿ ತಿರುಗುವುದಿಲ್ಲ. ಲಂಡನ್ನಿನ ಇಯಾನ್ ಹೋಲ್ಟ್, ಅನಿತಾ ಹಾರ್ಡಿಂಗ್ ಮೊದಲಾದವರು 1990ರಲ್ಲಿ ಇದನ್ನು ವಿವರಿಸಿದರು. ದೋಷಯುಕ್ತ ಡಿಎನ್ಎಯ ಪಾಲು ಹೆಚ್ಚಿದ್ದರೆ ಮಗುವಿಗೆ ಲೀ ಸಿಂಡ್ರೋಮ್ ಎಂಬ ಮಾರಕ ಮಿದುಳಿನ ಕಾಯಿಲೆ ಬರಬಹುದು. ವಂಶದಲ್ಲಿ ಇಂಥ ದೋಷವಿದೆಯೇ, ಮುಂದಿನ ಮಗುವಿನ ಗತಿಯೇನು ಎಂದು ತಂದೆತಾಯಿ ಕೇಳುವ ಪ್ರಶ್ನೆಗೆ ವೈದ್ಯರು ಉತ್ತರ ಕೊಡಲೇಬೇಕಾಗುತ್ತದೆ.

ಮೈಟೊಕಾಂಡ್ರಿಯದ ಕಾಯಿಲೆಗಳ ಪತ್ತೆ ನಡೆಸುವ ದೇಶದ ಕೇಂದ್ರಗಳಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಒಂದು. ಇಂಥ ಕಾಯಿಲೆಗಳಲ್ಲಿ ಈಗ ಡಿಎನ್ಎ ಓದುವುದೇ ಮುಖ್ಯ ಪರೀಕ್ಷೆ. ಆದರೆ ಹೊಸದೊಂದು ಅಕ್ಷರ ಬದಲಾವಣೆ ಕಂಡಾಗ, ಅದರಿಂದ ಯಂತ್ರಕ್ಕೆ ನಿಜವಾಗಿ ಪೆಟ್ಟು ಬಿದ್ದಿದೆಯೇ ಎಂದು ತಿಳಿಯಲು ಸ್ನಾಯುವಿನ ಅಥವಾ ಚರ್ಮದ ತುಣುಕಿನಲ್ಲಿ ಪ್ರೊಟೀನನ್ನೇ ನೋಡುವುದುಂಟು. ಪ್ರತಿಕಾಯ ಸಾಚಾ ಹೌದೋ ಅಲ್ಲವೋ ಎಂದು ತಿಳಿಯಲು ಮೈಟೊಕಾಂಡ್ರಿಯದ ವಿಷಯದಲ್ಲಿ ಒಂದು ಒಳ್ಳೆಯ ಅನುಕೂಲವೂ ಇದೆ. ಮೈಟೊಕಾಂಡ್ರಿಯದ ಡಿಎನ್ಎಯನ್ನು ಪೂರ್ತಿ ಕಳೆದುಕೊಂಡ ಮನುಷ್ಯ ಕೋಶಗಳನ್ನು 1989ರಲ್ಲೇ ಮೈಕೆಲ್ ಕಿಂಗ್ ಮತ್ತು ಜುಸೆಪ್ಪೆ ಅತ್ತಾರ್ದಿ ಬೆಳೆಸಿದ್ದರು. ಆ ಡಿಎನ್ಎಯಿಂದ ಹುಟ್ಟುವ ಬಿಡಿಭಾಗದ ಪ್ರತಿಕಾಯಕ್ಕೆ ಈ ಕೋಶಗಳಲ್ಲಿ ಏನೂ ಸಿಗಬಾರದು. ಸಿಕ್ಕರೆ ಸೀಸೆ ಕಸದ ಬುಟ್ಟಿಗೆ. ಬೀಟಾ ಭಾಗದ ನಕ್ಷೆ ಕೋಶಕೇಂದ್ರದಲ್ಲಿರುವುದರಿಂದ ಅದಕ್ಕೆ ಈ ಪರೀಕ್ಷೆ ಸಾಲದು; ಆ ಜೀನನ್ನೇ ಅಡಗಿಸಿ ಗೆರೆ ಮಾಸುತ್ತದೆಯೇ ಎಂದು ನೋಡಬೇಕು.

ಹಾಳೆಯ ಮೇಲೆ ರೋಗಿಯ ಮಾದರಿಯ ಪಕ್ಕದಲ್ಲೇ ಆರೋಗ್ಯವಂತರ ಮಾದರಿಯನ್ನೂ ಓಡಿಸುತ್ತಾರೆ. ಎರಡಕ್ಕೂ ಬೀಟಾ ಪ್ರತಿಕಾಯದ ಜೊತೆಗೆ, ಮೈಟೊಕಾಂಡ್ರಿಯದ ಹೊರಪೊರೆಯಲ್ಲಿರುವ ಪೊರಿನ್ ಎಂಬ ಇನ್ನೊಂದು ಪ್ರೊಟೀನಿನ ಪ್ರತಿಕಾಯವನ್ನೂ ಹಾಕುವುದು ರೂಢಿ. ಪೊರಿನ್ ಗೆರೆ ಎರಡೂ ಕಡೆ ಸಮನಾಗಿದ್ದು ಬೀಟಾ ಗೆರೆ ಮಾತ್ರ ರೋಗಿಯ ಕಡೆ ಮಸುಕಾಗಿದ್ದರೆ ಆಗ ಅದನ್ನು ವರದಿಯಲ್ಲಿ ಬರೆಯಬಹುದು. ಎರಡೂ ಮಸುಕಾಗಿದ್ದರೆ ಹಾಳೆಯನ್ನು ಪಕ್ಕಕ್ಕಿಟ್ಟು, ಫ್ರೀಜರಿನಿಂದ ಸೀಸೆಯನ್ನು ಮತ್ತೊಮ್ಮೆ ಹೊರತೆಗೆದು, ಮೊದಲಿನಿಂದ ಶುರುಮಾಡುತ್ತಾರೆ.